ಬಿಡುಗಡೆಯ ಮರುದಿನ

ನಮ್ಮ ಸಂಘದ ಈ ತ್ರೈಮಾಸಿಕದಲ್ಲಿ ಹಬ್ಬದ ಮಾತು ಬರುತ್ತದೆ, ಅಡುಗೆಯ ಮಾತು ಬರುತ್ತದೆ, ಮಕ್ಕಳ ಪರೀಕ್ಷೆಯ ಮಾತು, ಊರಿನ ಜಾತ್ರೆಯ ಮಾತು, ವಧೂವರರ ಮಾತು ಕೂಡ ಬರುತ್ತದೆ. ಜೈಲಿನ ಮಾತು ಮಾತ್ರ ಬರುವುದಿಲ್ಲ. ಗೃಹಸ್ಥರ ಮನೆಗೆ ಹೋಗುವ ಪತ್ರಿಕೆಯಲ್ಲಿ ಅದಕ್ಕೇನು ಕೆಲಸವೆಂದು ವಾಚಕರು ಕೇಳಿಯಾರು. ಕೇಳುವುದು ಸಹಜವೇ. ಆದರೆ ಜೈಲಿಗೆ ಹೋದವನಿಗೂ ಒಂದು ಮನೆಯಿರುತ್ತದೆ. ಆ ಮನೆಯಲ್ಲಿ ತಾಯಿಯೋ ಹೆಂಡತಿಯೋ ತಂಗಿಯೋ ಇರುತ್ತಾರೆ. ಅವರೂ ನಮ್ಮ ನಿಮ್ಮ ಹಾಗೆ ಸಂಕ್ರಾಂತಿಗೆ ಎಳ್ಳು ಹಂಚುವವರು, ನಾಗರಪಂಚಮಿಗೆ ಉಂಡಿ ಕಟ್ಟುವವರು. ಮಗ ಬಿಡುಗಡೆಯಾಗಿ ಮನೆಗೆ ಬಂದ ದಿನ ಅಲ್ಲಿ ಅಳುವೂ ನಗುವೂ ಒಟ್ಟಿಗೇ ಆಗುತ್ತವೆ. ಮರುದಿನ ಬೆಳಗಾದರೆ ಉಳಿಯುವುದು ಒಂದೇ ಪ್ರಶ್ನೆ: ಇನ್ನು ಮುಂದೆ ಹೊಟ್ಟೆಗೇನು? ಆ ಮರುದಿನದ ವಿಷಯವಾಗಿ ನಾಲ್ಕು ಮಾತು ಬರೆಯೋಣವೆಂದು ಲೇಖನಿ ಹಿಡಿದಿದ್ದೇವೆ.

ದೇಹೂ ರೋಡ್ ದೊಡ್ಡ ಊರಲ್ಲ. ಪುಣೆಯಿಂದ ಲೋಣಾವಳೆಗೆ ಹೋಗುವ ಲೋಕಲ್ ಗಾಡಿ ಆಕುರ್ಡಿ ದಾಟಿದ ಮೇಲೆ ಇಲ್ಲಿ ನಿಲ್ಲುತ್ತದೆ. ಸೈನ್ಯದ ಡಿಪೋ, ಮದ್ದುಗುಂಡಿನ ಕಾರ್ಖಾನೆ, ಕಂಟೋನ್ಮೆಂಟು, ಒಂದು ಬಜಾರು, ಇಷ್ಟರಲ್ಲಿ ಊರು ಮುಗಿಯಿತು. ನೌಕರಿಗೆಂದು ಬಂದ ಕನ್ನಡಿಗರು, ತಮಿಳರು, ತೆಲುಗರು ಇಲ್ಲಿಯೇ ನೆಲೆನಿಂತು ಮೊಮ್ಮಕ್ಕಳನ್ನು ಕಂಡಿದ್ದಾರೆ. ಇಂಥ ಊರಲ್ಲಿ ಗುಟ್ಟೆಂಬುದು ನಿಲ್ಲುವುದಿಲ್ಲ. ಯಾರ ಮಗನಿಗೆ ಎಷ್ಟು ಮಾರ್ಕು ಬಂದವು ಎಂಬುದು ಹೇಗೆ ಎಲ್ಲರಿಗೂ ಗೊತ್ತೋ, ಯಾರ ಮಗ ಯೆರವಡಾದಲ್ಲಿದ್ದಾನೆ ಎಂಬುದೂ ಹಾಗೆಯೇ ಎಲ್ಲರಿಗೂ ಗೊತ್ತು. ಗೊತ್ತಿದ್ದರೂ ಯಾರೂ ಆಡುವುದಿಲ್ಲ. ಆ ಮೌನವನ್ನು ನಾವು ಮರ್ಯಾದೆಯೆಂದು ತಿಳಿದಿದ್ದೇವೆ. ಆ ಮನೆಯವರಿಗೆ ಅದು ಬೇರೆಯಾಗಿಯೇ ತೋರುತ್ತಿರಬೇಕು.

ನಮ್ಮ ಓಣಿಯ ಒಬ್ಬ ತಾಯಿ ಒಂದು ರವಿವಾರ ನಮ್ಮಲ್ಲಿಗೆ ಬಂದರು. ಮೂಲ ಊರು ವಿಜಯಪುರದ ಕಡೆಯದು. ಯಜಮಾನರು ತೀರಿಕೊಂಡು ಬಹಳ ವರ್ಷಗಳಾದವು. ನಾವೆಲ್ಲ ಅವರನ್ನು ಕಾಕು ಎನ್ನುತ್ತೇವೆ. ಚಹಾ ಮುಟ್ಟಲಿಲ್ಲ. ಸೆರಗಿನ ಗಂಟಿನಿಂದ ಮಡಿಚಿದ ಒಂದು ಕಾಗದ ತೆಗೆದು ಮುಂದಿಟ್ಟರು.

"ತಮ್ಮಾ, ನೀ ಕಚೇರ್ಯಾಗ ಇದ್ದಾಂವ. ನಿನಗ ಕಾಗದಾ ತಿಳೀತಾವ. ನನ್ನ ಮಗಗ ಎಲ್ಲ್ಯರ ಒಂದು ಕೆಲಸಾ ಹಚ್ಚಿಕೊಡಪಾ."

ಕಾಗದ ಜೈಲಿನಿಂದ ಬಿಡುಗಡೆಯಾದ ದಾಖಲೆ. ಹುಡುಗ ಒಳಗಿದ್ದದ್ದು ಇಪ್ಪತ್ತಾರು ತಿಂಗಳು. ಒಂದು ರಾತ್ರಿ ಹುಡುಗರ ನಡುವೆ ಹೊಡೆದಾಟವಾಗಿ ಒಬ್ಬನಿಗೆ ಬಲವಾದ ಪೆಟ್ಟು ಬಿದ್ದಿತ್ತು. ಅಲ್ಲಿದ್ದ ಆರು ಜನರ ಹೆಸರು ಬರೆದುಕೊಂಡಾಗ ಇವನ ಹೆಸರೂ ಬಂತು. ಮುಂದೆ ಜಾಮೀನು ಮಂಜೂರಾಯಿತು. ಆದರೆ ಜಾಮೀನು ನಿಲ್ಲತಕ್ಕ ಮನುಷ್ಯ ಸಿಗಲಿಲ್ಲ. ಕಡೆಗೆ ಖಟ್ಲೆ ನಡೆದು ನ್ಯಾಯಾಲಯವು ಇವನನ್ನು ನಿರ್ದೋಷಿಯೆಂದು ಬಿಟ್ಟಿತು. ಒಳಗೆ ಹೋಗುವಾಗ ಇಪ್ಪತ್ತೊಂದು ವರ್ಷದವನು, ಹೊರಗೆ ಬರುವಾಗ ಇಪ್ಪತ್ತಮೂರು ದಾಟಿತ್ತು. ಒಂಬತ್ತನೇ ಇಯತ್ತೆಗೆ ಶಾಲೆ ಬಿಟ್ಟು ಒಂದು ವರ್ಕಶಾಪಿನಲ್ಲಿ ವೆಲ್ಡಿಂಗ್ ಮಾಡುವವನ ಕೈಕೆಳಗೆ ಹೆಲ್ಪರ್ ಆಗಿದ್ದವನು. ಆ ಜಾಗಕ್ಕೆ ಈಗ ಬೇರೆಯವನು ಬಂದಿದ್ದ. ವಕೀಲರ ಫೀಗೆಂದು ತಾಯಿ ಬಂಗಾರ ಮಾರಿ, ಸಾಲದೆ ಕೈಗಡವನ್ನೂ ಮಾಡಿದ್ದರು.

ಈ ಹುಡುಗನ ವಿಷಯದಲ್ಲಿ ಓಡಾಡುವಾಗ ನಮಗೆ ತಿಳಿದ ಮೊದಲನೆಯ ಸಂಗತಿ ಕೇಳಿ ವಾಚಕರು ಬೆರಗಾದಾರು. ನಮ್ಮ ದೇಶದ ಜೈಲುಗಳಲ್ಲಿರುವವರಲ್ಲಿ ಹೆಚ್ಚಿನವರು ಶಿಕ್ಷೆ ಅನುಭವಿಸುವವರಲ್ಲ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದವರ ಲೆಕ್ಕದಂತೆ ೨೦೨೨ರ ಕೊನೆಗೆ ದೇಶದ ಜೈಲುಗಳಲ್ಲಿ ೫,೭೩,೨೨೦ ಜನರಿದ್ದರು. ಅವರಲ್ಲಿ ೪,೩೪,೩೦೨ ಜನ ವಿಚಾರಣೆ ಮುಗಿಯದವರು. ನೂರಕ್ಕೆ ಎಪ್ಪತ್ತೈದಕ್ಕೂ ಮಿಕ್ಕಿದ ಜನರ ಮೇಲೆ ತಪ್ಪು ಸಿದ್ಧವಾಗಿಲ್ಲವೆಂದಾಯಿತು. ಕಾನೂನಿನ ದೃಷ್ಟಿಯಲ್ಲಿ ಅವರು ನಿಮ್ಮ ಹಾಗೆ, ನಮ್ಮ ಹಾಗೆ.

ಎರಡನೆಯ ಸಂಗತಿ ಇನ್ನೂ ವಿಚಿತ್ರವಾದದ್ದು. ಜೈಲಿನಲ್ಲಿ ಕೆಲಸ ಕಲಿಸುವ ಏರ್ಪಾಡು ಇಲ್ಲವೆಂದಲ್ಲ. ನಮ್ಮ ಊರಿನಿಂದ ಸುಮಾರು ೨೫ ಕಿಲೋಮೀಟರ್ ದೂರದಲ್ಲಿರುವ ಯೆರವಡಾ ಕಾರಾಗೃಹ ೧೮೭೧ರಲ್ಲಿ ಕಟ್ಟಿದ್ದು. ಅಲ್ಲಿ ಬಡಗಿಯ ಕೆಲಸವಿದೆ, ನೇಯ್ಗೆಯಿದೆ, ಹೊಲಿಗೆಯಿದೆ. ಗಾಂಧೀಜಿಯವರು ಅಲ್ಲಿ ಬಂದಿಯಾಗಿದ್ದಾಗ ಪೆಟ್ಟಿಗೆಯೊಳಗೆ ಮಡಿಚಿಡಬಹುದಾದ ಚರಖಾವನ್ನು ತಿದ್ದಿ ತೀಡಿದರು. ಅದಕ್ಕೆ ಯೆರವಡಾ ಚಕ್ರವೆಂದೇ ಹೆಸರಾಯಿತು. ಆದರೆ ಜೈಲಿನ ಕಾರ್ಖಾನೆಯ ಕೆಲಸ ಮುಖ್ಯವಾಗಿ ಸಕ್ತಮಜೂರಿ ಶಿಕ್ಷೆಯಾದವರಿಗೆ. ಅವರು ದುಡಿದುದಕ್ಕೆ ನ್ಯಾಯವಾದ ಕೂಲಿ ಕೊಡಬೇಕೆಂದು ಸರ್ವೋಚ್ಚ ನ್ಯಾಯಾಲಯವು ೧೯೯೮ರಲ್ಲಿ ತೀರ್ಪು ಕೊಟ್ಟಿದೆ. ಅದರಲ್ಲಿ ಒಂದು ಭಾಗವನ್ನು ಅಪರಾಧದಿಂದ ನೊಂದವರ ಪರಿಹಾರಕ್ಕೆ ಎತ್ತಿಡಬೇಕೆಂದೂ ಹೇಳಿದೆ. ೨೦೨೨ರಲ್ಲಿ ಮಹಾರಾಷ್ಟ್ರ ರಾಜ್ಯ ಸಹಕಾರಿ ಬ್ಯಾಂಕಿನವರು ಯೆರವಡಾದಲ್ಲಿ 'ಜಿವ್ಹಾಳಾ' ಎಂಬ ಸಾಲದ ಯೋಜನೆಯನ್ನು ಆರಂಭಿಸಿದರು. ಮರಾಠಿಯಲ್ಲಿ ಜಿವ್ಹಾಳಾ ಎಂದರೆ ಅಕ್ಕರೆ. ಶಿಕ್ಷೆ ಅನುಭವಿಸುತ್ತಿರುವ ಬಂದಿಗೆ ೫೦,೦೦೦ ರೂಪಾಯಿಯವರೆಗೆ, ನೂರಕ್ಕೆ ಏಳರ ಬಡ್ಡಿಯಲ್ಲಿ, ಹೊಣೆಗಾರರಿಲ್ಲದೆ ಸಾಲ ಕೊಡುವುದು. ಅವನ ಜೈಲಿನ ಕೂಲಿಯಿಂದ ಅದು ತೀರತಕ್ಕದ್ದು. ಮಗಳ ಮದುವೆಗೋ ಮಗನ ಶಾಲೆಗೋ ವಕೀಲರ ಫೀಗೋ ಮನೆಯವರು ಬಳಸಿಕೊಳ್ಳಬಹುದು. ಬಹಳ ಒಳ್ಳೆಯ ಯೋಜನೆ.

ವಿಚಾರಣೆಯಲ್ಲಿರುವವನಿಗೆ ಇವು ಯಾವುವೂ ಸಲ್ಲುವುದಿಲ್ಲ. ಶಿಕ್ಷೆಯೇ ಆಗದ ಮೇಲೆ ದುಡಿಸುವ ಹಕ್ಕು ಸರಕಾರಕ್ಕಿಲ್ಲ. ಅವನಾಗಿ ಕೇಳಿಕೊಂಡರೆ, ಜಾಗವೂ ಇದ್ದರೆ ಕೆಲಸ ಸಿಕ್ಕೀತು. ಇಲ್ಲದಿದ್ದರೆ ಇಲ್ಲ. ಕೆಲಸವಿಲ್ಲದ ಮೇಲೆ ಕೂಲಿಯಿಲ್ಲ, ಕೂಲಿಯಿಲ್ಲದ ಮೇಲೆ ಸಾಲವಿಲ್ಲ. ಹೀಗೆ ತಪ್ಪು ಮಾಡಿದವನು ಹತ್ತು ವರ್ಷಕ್ಕೆ ಹೊರಬರುವಾಗ ಒಂದು ಕಸುಬನ್ನೂ ಒಂದಿಷ್ಟು ಗಂಟನ್ನೂ ತಂದಾನು. ತಪ್ಪು ಮಾಡಿಲ್ಲವೆಂದು ತೀರ್ಪಾದವನು ಎರಡು ವರ್ಷಕ್ಕೆ ಹೊರಬರುವಾಗ ಬರಿಗೈಯಲ್ಲಿ ಬರುತ್ತಾನೆ. ಯಾರೂ ಬೇಕೆಂದು ಮಾಡಿದ್ದಲ್ಲ. ಒಂದೊಂದು ನಿಯಮವೂ ಬಿಡಿಯಾಗಿ ನೋಡಿದರೆ ಸರಿಯಾಗಿಯೇ ಇದೆ. ಎಲ್ಲ ಕೂಡಿದಾಗ ಹೀಗಾಗಿದೆ. ಜಾಮೀನಿನ ಹಣ ತುಂಬಲಾರದ ಬಡವರಿಗಾಗಿ ಕೇಂದ್ರ ಸರಕಾರವು ೨೦೨೩ರಲ್ಲಿ ಒಂದು ಯೋಜನೆ ತಂದಿದೆ. ಆಗ ಗೊತ್ತುಮಾಡಿದ ಪ್ರಕಾರ ವಿಚಾರಣೆಯಲ್ಲಿರುವವನ ಜಾಮೀನಿಗೆ ೪೦,೦೦೦ ರೂಪಾಯಿಯವರೆಗೆ, ಶಿಕ್ಷೆಯಾದವನ ದಂಡಕ್ಕೆ ೨೫,೦೦೦ ರೂಪಾಯಿಯವರೆಗೆ ಸಹಾಯ ದೊರೆಯಬಹುದಾಗಿತ್ತು. ನಮ್ಮ ಕಡೆಯವರಿಗೆ ಇದರ ಸುದ್ದಿಯೇ ಇಲ್ಲವೆಂದು ಇಲ್ಲಿ ಬರೆದಿದ್ದೇವೆ.

ಇನ್ನು ಅರ್ಜಿಯ ಮಾತು. ಇದು ನಮ್ಮ ಕಾರಕೂನಿಕೆಗೆ ಸಂಬಂಧಪಟ್ಟದ್ದು. ಸರಕಾರಿ ನೌಕರಿಗೆ ಆಯ್ಕೆಯಾದವನು ತುಂಬಿಕೊಡುವ ಪೂರ್ವಚರಿತ್ರೆಯ ನಮೂನೆ ದಿನವೂ ನಮ್ಮ ಮೇಜಿನ ಮೇಲೆ ಬರುತ್ತದೆ. ಅದರಲ್ಲಿ ಒಂದು ಕಾಲಂ ಉಂಟು: ನಿಮ್ಮ ಬಂಧನವಾಗಿತ್ತೇ, ನಿಮ್ಮ ಮೇಲೆ ಖಟ್ಲೆ ನಡೆದಿತ್ತೇ, ನಿಮಗೆ ಶಿಕ್ಷೆಯಾಗಿತ್ತೇ? ಶಿಕ್ಷೆಯಾದವನಿಗೂ ನಿರ್ದೋಷಿಗೂ ಒಂದೇ ಕಾಲಂ. ಖಾಸಗಿ ಕಾರ್ಖಾನೆಯವರೂ, ಅವರಿಗೆ ಆಳುಗಳನ್ನು ಒದಗಿಸುವ ಗುತ್ತಿಗೆದಾರರೂ ಈಗ ಪೊಲೀಸರ ಚಾರಿತ್ರ್ಯ ದಾಖಲೆಯನ್ನು ಕೇಳುತ್ತಾರೆ. ಹೌದೆಂದು ಬರೆದರೆ ಅರ್ಜಿ ಅಲ್ಲಿಯೇ ನಿಲ್ಲುತ್ತದೆ. ಇಲ್ಲವೆಂದು ಬರೆದರೆ ಇಂದು ನೌಕರಿ ಸಿಕ್ಕು ನಾಳೆ ಹೋಗುತ್ತದೆ. ಜೊತೆಗೆ ಸುಳ್ಳುಗಾರನೆಂಬ ಹೆಸರು ಉಳಿಯುತ್ತದೆ.

ಈ ವಿಷಯವಾಗಿ ಸರ್ವೋಚ್ಚ ನ್ಯಾಯಾಲಯವು ೨೦೧೬ರಲ್ಲಿ ಅವತಾರ್ ಸಿಂಗ್ ಎಂಬವರ ಖಟ್ಲೆಯಲ್ಲಿ ವಿವರವಾಗಿ ತೀರ್ಪು ಕೊಟ್ಟಿದೆ. ಅರ್ಜಿದಾರನು ಬಂಧನ, ಖಟ್ಲೆ, ಬಿಡುಗಡೆ ಎಲ್ಲವನ್ನೂ ನಿಜವಾಗಿ ಹೇಳಬೇಕು. ಹೇಳಿದ ಮಾತ್ರಕ್ಕೆ ನೌಕರಿ ಕೊಡಲೇಬೇಕೆಂದಿಲ್ಲ. ಅವನ ಪೂರ್ವಚರಿತ್ರೆಯನ್ನು ಪರಿಶೀಲಿಸುವ ಅಧಿಕಾರ ನೇಮಿಸುವವರಿಗೆ ಉಂಟು. ಆದರೆ ಆ ಪರಿಶೀಲನೆ ಕಣ್ಣು ಮುಚ್ಚಿ ನಡೆಯಬಾರದು. ಎಳೆಯ ವಯಸ್ಸಿನ ಸಣ್ಣ ತಪ್ಪನ್ನು ಒಬ್ಬನು ಮುಚ್ಚಿಟ್ಟಿದ್ದರೂ ಅದನ್ನು ಮನ್ನಿಸಲು ಅವಕಾಶವುಂಟು. ಮೊದಲ ಸಲ ತಪ್ಪಿದವರಿಗಾಗಿ ೧೯೫೮ರ ಪ್ರೊಬೇಶನ್ ಕಾಯಿದೆಯಲ್ಲಿ ಇನ್ನೊಂದು ಅನುಕೂಲವಿದೆ. ಆ ಕಾಯಿದೆಯ ೩ ಅಥವಾ ೪ನೆಯ ಕಲಮಿನಂತೆ ಎಚ್ಚರಿಕೆ ಕೊಟ್ಟೋ ಒಳ್ಳೆಯ ನಡತೆಯ ಮುಚ್ಚಳಿಕೆ ಬರೆಸಿಕೊಂಡೋ ಬಿಟ್ಟವರಿಗೆ, ಆ ತಪ್ಪಿನ ಕಾರಣದಿಂದ ಕಾನೂನು ವಿಧಿಸುವ ಅನರ್ಹತೆ ತಗಲುವುದಿಲ್ಲವೆಂದು ೧೨ನೆಯ ಕಲಮು ಹೇಳುತ್ತದೆ.

ಆದಕಾರಣ ನಾವು ಹುಡುಗನಿಗೆ ಹೇಳಿದ್ದು ಎರಡೇ ಮಾತು. ಕಾಲಂ ಖಾಲಿ ಬಿಡಬೇಡ, ಸುಳ್ಳು ಬರೆಯಬೇಡ. ತೀರ್ಪಿನ ದೃಢೀಕೃತ ನಕಲು ಕೈಯಲ್ಲಿಟ್ಟುಕೋ. ಅವನ ಬಳಿ ನಕಲೇ ಇರಲಿಲ್ಲ. ಬಿಟ್ಟರಲ್ಲ, ಅಷ್ಟು ಸಾಕೆಂದು ಮನೆಗೆ ಬಂದುಬಿಟ್ಟಿದ್ದ. ಅರ್ಜಿ ಹಾಕಿ ನಕಲು ತೆಗೆಸಿದ್ದಾಯಿತು. ಆಧಾರ್ ಕಾರ್ಡಿಗೆ ಜೋಡಿಸಿದ್ದ ಫೋನ್ ನಂಬರು ಈ ನಡುವೆ ಸತ್ತುಹೋಗಿತ್ತು, ಅದನ್ನು ಬದಲಾಯಿಸಿದ್ದಾಯಿತು. ನಂಬರಿಲ್ಲದೆ ಬ್ಯಾಂಕಿನ ಖಾತೆ ಮಲಗಿತ್ತು, ಅದನ್ನು ಎಬ್ಬಿಸಿದ್ದಾಯಿತು. ಎರಡು ವರ್ಷ ಹೊರಗಿಲ್ಲದವನು ಕಾಗದದ ಮೇಲೂ ಇಲ್ಲದವನಾಗಿಬಿಡುತ್ತಾನೆ ಎಂಬುದನ್ನು ನಾವು ಆ ಒಂದು ತಿಂಗಳಲ್ಲಿ ಕಂಡೆವು. ಅದಾದ ಮೇಲೆ ಒಬ್ಬ ಗುತ್ತಿಗೆದಾರರ ಕಚೇರಿಯಲ್ಲಿ ನಿಜ ಬರೆದುಕೊಟ್ಟ. ತೀರ್ಪಿನ ನಕಲನ್ನು ಅಲ್ಲಿ ಯಾರೂ ಬಿಡಿಸಿ ಕೂಡ ನೋಡಲಿಲ್ಲ. ತಿಳಿಸುತ್ತೇವೆ ಎಂದರು. ತಿಳಿಸಲಿಲ್ಲ. ನಿಜಕ್ಕೆ ಬೆಲೆಯುಂಟೆಂದು ನಾವು ಹೇಳಿದ್ದೆವು. ಆ ಬೆಲೆಯನ್ನು ತೆತ್ತವನು ಅವನು. ಮುಂದಿನ ದಾರಿ ಹುಡುಕುವ ಹೊಣೆ ಇನ್ನು ನಮ್ಮದೂ ಆಯಿತೆಂದು ಅಂದೇ ಅನಿಸಿತು.

ದೊಡ್ಡ ಕಾರ್ಖಾನೆಯ ಬಾಗಿಲಲ್ಲಿ ನಮೂನೆ ಮಾತಾಡುತ್ತದೆ. ಸಣ್ಣ ವರ್ಕಶಾಪಿನ ಬಾಗಿಲಲ್ಲಿ ಮನುಷ್ಯ ಮಾತಾಡುತ್ತಾನೆ. ಆದರೆ ಅಲ್ಲಿಯೂ ಕೈಯಲ್ಲಿ ಕಸುಬಿರಬೇಕು. ಪಿಂಪರಿಯ ಕಡೆ ಧರ್ಮಾರ್ಥವಾಗಿ ನಡೆಯುವ ಒಂದು ಕೇಂದ್ರದಲ್ಲಿ ಮೂರು ತಿಂಗಳ ವೆಲ್ಡಿಂಗ್ ತರಬೇತಿ ಇತ್ತು. ಫೀ ಹೆಸರಿಗೆ ಮಾತ್ರ. ಕಾಕು ಕೇಳಿದ್ದು ಒಂದೇ ಪ್ರಶ್ನೆ: "ಮೂರು ತಿಂಗಳು ಕಲೀತಾನ ಖರೆ. ಆ ಮೂರು ತಿಂಗಳು ಏನು ತಿನ್ನೂಣು?"

ನಮ್ಮ ಬಿ.ಎ. ಓದಿನಲ್ಲಿ ಇದಕ್ಕೆ ಉತ್ತರವಿರಲಿಲ್ಲ. ತರಬೇತಿ ಪುಕ್ಕಟೆಯೆಂದು ಬೋರ್ಡು ಹಾಕುತ್ತೇವೆ. ಹೊಟ್ಟೆ ಪುಕ್ಕಟೆಯಾಗಿ ತುಂಬುವುದಿಲ್ಲ. ಮುಂಬಯಿಯ ಟಾಟಾ ಸಮಾಜವಿಜ್ಞಾನ ಸಂಸ್ಥೆಯವರು ೧೯೯೦ರಲ್ಲಿ 'ಪ್ರಯಾಸ್' ಎಂಬ ಕಾರ್ಯವನ್ನು ಆರಂಭಿಸಿದರು. ಅವರ ಕಾರ್ಯಕರ್ತರು ಜೈಲಿಗೂ ನ್ಯಾಯಾಲಯಕ್ಕೂ ಹೋಗಿ, ಒಳಗಿರುವಾಗಲೇ ಬಂದಿಯ ಗುರುತು ಮಾಡಿಕೊಳ್ಳುತ್ತಾರೆ, ಮನೆಯವರನ್ನು ಹುಡುಕಿಕೊಡುತ್ತಾರೆ. ಹೊರಬಂದವರನ್ನು ಬೇರೆ ಬೇರೆ ಸೇವಾಸಂಸ್ಥೆಗಳಲ್ಲಿ ಕಲಿಯುವವರನ್ನಾಗಿ ಇರಿಸುತ್ತಾರೆ, ಕಲಿಯುವ ಕಾಲದಲ್ಲಿ ತಿಂಗಳಿಗಿಷ್ಟೆಂದು ವೇತನವನ್ನೂ ಕೊಡುತ್ತಾರೆ. ಹೊತ್ತಿಗೆ ಸರಿಯಾಗಿ ಬರುವುದು, ಹೇಳಿ ಹೋಗುವುದು, ನಾಲ್ವರೊಡನೆ ಕೂಡಿ ದುಡಿಯುವುದು ಮತ್ತೆ ರೂಢಿಯಾಗುತ್ತದೆ. ಅನುಭವವಿದೆಯೆಂಬ ಒಂದು ಮಾತೂ ಕಾಗದದ ಮೇಲೆ ಬರುತ್ತದೆ. ಮೂವತ್ತು ವರ್ಷಗಳಿಗೂ ಮೀರಿದ ಈ ಕೆಲಸದಲ್ಲಿ ಮುಖ್ಯವಾದದ್ದು ಆ ತಿಂಗಳ ವೇತನವೇ ಎಂದು ನಮಗೆ ತೋರುತ್ತದೆ. ಅದಿಲ್ಲದಿದ್ದರೆ ಕಾಕುವಿನ ಪ್ರಶ್ನೆಗೆ ಉತ್ತರವಿಲ್ಲ.

ಇಂಥ ಕೆಲಸ ನಮ್ಮ ನಾಡಿಗೂ ನಮ್ಮ ಜನಕ್ಕೂ ಹೊಸತೇನಲ್ಲ. ೧೯೩೦ರ ದಶಕದಲ್ಲಿ ಪೋಲೆಂಡ್ ದೇಶದ ಮೋರಿಸ್ ಫ್ರೀಡ್‌ಮನ್ ಎಂಬ ಎಂಜಿನಿಯರರು ಬೆಂಗಳೂರಿಗೆ ಬಂದು ಮೈಸೂರು ಸರಕಾರದ ವಿದ್ಯುತ್ ಕಾರ್ಖಾನೆಯನ್ನು ನೋಡಿಕೊಳ್ಳುತ್ತಿದ್ದರು. ಮುಂದೆ ಔಂಧ ಸಂಸ್ಥಾನದ ರಾಜರಿಗೆ ಅವರ ನಂಟಾಯಿತು. ಆ ಸಂಸ್ಥಾನದ ಆಟಪಾಡಿಯ ಹತ್ತಿರ ೧೯೩೯ರಲ್ಲಿ ಸ್ವತಂತ್ರಪುರ ಎಂಬ ಬಯಲು ಬಂದೀಖಾನೆ ಹುಟ್ಟಿತು. ಗೋಡೆಯಿಲ್ಲ, ಬೇಡಿಯಿಲ್ಲ; ಬಂದಿಗಳು ಹೆಂಡಿರು ಮಕ್ಕಳೊಡನೆ ಇದ್ದು ಹೊಲ ಮಾಡುವರು. ನಮ್ಮ ಕನ್ನಡ ಜನ ಬಹಳವಾಗಿರುವ ಜತ್ತ ತಾಲೂಕಿನ ಸಾಂಗ್ಲಿ ಜಿಲ್ಲೆಯಲ್ಲಿಯೇ ಈಗ ಆ ಜಾಗವಿದೆ. ೧೯೫೭ರಲ್ಲಿ ಬಂದ ಶಾಂತಾರಾಮರ 'ದೋ ಆಂಖೇ ಬಾರಹ್ ಹಾಥ್' ಚಿತ್ರದ ಕತೆಗೆ ಮೂಲ ಈ ಸ್ವತಂತ್ರಪುರವೇ. ನಮ್ಮ ಹಿರಿಯರಲ್ಲಿ ಆ ಚಿತ್ರ ನೋಡಿ ಕಣ್ಣೊರೆಸಿಕೊಂಡವರು ಎಷ್ಟೋ ಮಂದಿ.

ಬೆಂಗಳೂರಿನಲ್ಲಿ ೧೯೨೯ರಲ್ಲಿ ಹುಟ್ಟಿದ ಎಸ್. ಎನ್. ಸುಬ್ಬರಾಯರದು ಇನ್ನೊಂದು ನಿದರ್ಶನ. ಎಲ್ಲರೂ ಅವರನ್ನು ಭಾಯೀಜಿ ಎನ್ನುತ್ತಿದ್ದರು. ಚಂಬಲ್ ಕಣಿವೆಯ ಜೌರಾದಲ್ಲಿ ಮಹಾತ್ಮಾ ಗಾಂಧಿ ಸೇವಾಶ್ರಮವನ್ನು ಕಟ್ಟಿ ನಿಂತರು. ೧೯೭೨ರ ಏಪ್ರಿಲಿನಲ್ಲಿ ಜಯಪ್ರಕಾಶ ನಾರಾಯಣರ ಎದುರು ದರೋಡೆಗಾರರು ಬಂದೂಕು ಇಳಿಸಿದ್ದು ಅಲ್ಲಿಯೇ. ಬಂದೂಕು ಇಳಿಸಿದ ದಿನ ಪತ್ರಿಕೆಯವರು ಬಹಳ ಮಂದಿ ಇದ್ದರು. ಅದಾದ ಮೇಲಿನ ಬೇಸಾಯ, ಖಾದಿ, ಮಕ್ಕಳ ಶಾಲೆ ಇವನ್ನೆಲ್ಲ ನೋಡಿಕೊಳ್ಳಲು ಉಳಿದವರು ಆಶ್ರಮದವರು. ಸುಬ್ಬರಾಯರು ೨೦೨೧ರಲ್ಲಿ ತೀರಿಕೊಂಡರು.

ಕಸುಬು ಕಲಿಸುವುದರಲ್ಲಿಯೂ ಕನ್ನಡನಾಡಿನ ಮೇಲ್ಪಂಕ್ತಿಯಿದೆ. ೧೯೮೨ರಲ್ಲಿ ಧರ್ಮಸ್ಥಳದ ಧರ್ಮಾಧಿಕಾರಿಗಳಾದ ಡಾ. ವೀರೇಂದ್ರ ಹೆಗ್ಗಡೆಯವರು ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳೊಡನೆ ಕೂಡಿ ಉಜಿರೆಯಲ್ಲಿ ರುಡ್‌ಸೆಟ್ ಸಂಸ್ಥೆಯನ್ನು ತೆರೆದರು. ಊಟ ವಸತಿ ಕೊಟ್ಟು, ಕೆಲವು ವಾರಗಳಲ್ಲಿ ಒಂದು ಕಸುಬು ಕಲಿಸಿ, ಕಲಿತು ಹೋದವನನ್ನು ಅಲ್ಲಿಗೇ ಬಿಡದೆ ಬ್ಯಾಂಕಿನ ಸಾಲ ಸಿಗುವವರೆಗೆ ಹಿಂದೆ ನಿಲ್ಲುವುದು ಅದರ ಕ್ರಮ. ಅದನ್ನೇ ಮಾದರಿಯಾಗಿಟ್ಟುಕೊಂಡು ಜಿಲ್ಲೆಗೊಂದರಂತೆ ಇಂಥ ಸಂಸ್ಥೆಗಳನ್ನು ಬ್ಯಾಂಕುಗಳ ಮೂಲಕ ದೇಶದಲ್ಲೆಲ್ಲ ತೆರೆದಿದ್ದಾರೆ. ಇವು ಹೆಚ್ಚಾಗಿ ಹಳ್ಳಿಯ ತರುಣರಿಗೆ. ಶಾಲೆ ಬಿಟ್ಟ ಪಟ್ಟಣದ ಹುಡುಗರಿಗೆ ಜನಶಿಕ್ಷಣ ಸಂಸ್ಥಾನಗಳುಂಟು. ೧೯೬೭ರಲ್ಲಿ ಮುಂಬಯಿಯ ವರಳಿಯಲ್ಲಿ ಶ್ರಮಿಕ ವಿದ್ಯಾಪೀಠವೆಂಬ ಹೆಸರಿನಲ್ಲಿ ಮೊದಲನೆಯದು ಹುಟ್ಟಿತು. ಸರಕಾರದ ಹಣ, ಸೇವಾಸಂಸ್ಥೆಗಳ ಆಡಳಿತ. ದಾರಿಗಳು ಇವೆಯೆಂದು ಇದರಿಂದ ತಿಳಿಯುತ್ತದೆ. ದಾರಿಯ ತುದಿಯವರೆಗೆ ಕೈಹಿಡಿದು ನಡೆಸುವವರು ಮಾತ್ರ ಕಡಮೆ.

ಅದಕ್ಕಾಗಿ ನಾವು ಸಂಘದ ಕಾರ್ಯಕಾರಿ ಸಭೆಯಲ್ಲಿ ಈ ಮಾತು ತೆಗೆದೆವು. ಹುಡುಗನ ಹೆಸರು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ, ಎಲ್ಲರಿಗೂ ತಿಳಿದಿತ್ತು. ಮೂರು ತಿಂಗಳ ರೇಲ್ವೆ ಪಾಸು, ಮಧ್ಯಾಹ್ನದ ಊಟ, ಮನೆಗೆ ಒಂದಿಷ್ಟು ಕಿರಾಣಿ, ಎಲ್ಲ ಸೇರಿ ತಿಂಗಳಿಗೆ ಆರು ಸಾವಿರ ಬೇಕೆಂದು ಲೆಕ್ಕ ಮಂಡಿಸಿದೆವು.

ಹಿರಿಯರೊಬ್ಬರು ಹೇಳಿದರು: "ತಪ್ಪು ತಿಳೀಬ್ಯಾಡ್ರಿ. ಸಂಘಕ್ಕ ಹೆಣ್ಣುಮಕ್ಕಳು ಬರ್ತಾರ, ಹುಡುಗರು ಬರ್ತಾರ. ನಾಳೆ ಯಾರರ ಏನರ ಅಂದರ ನಾವು ಏನು ಹೇಳೂಣ್ರಿ?"

ಖಜಾನಚಿಗಳು ನಿಯಮಾವಳಿ ತೆಗೆದರು. ಇಂಥ ಖರ್ಚಿಗೆ ಅದರಲ್ಲಿ ಕಲಮಿಲ್ಲ.

ನಿವೃತ್ತ ಶಿಕ್ಷಕಿಯೊಬ್ಬರು ಮೆಲ್ಲಗೆ ಅಂದರು: "ಗಣಪತಿ ಪೆಂಡಾಲದ ದೀಪದ ಸರಕ್ಕೂ ಅದರಾಗ ಕಲಮಿಲ್ಲರಿ."

ಎಲ್ಲರೂ ನಕ್ಕರು. ನಕ್ಕರೂ ವಿಷಯವನ್ನು ಮುಂದಿನ ಸಭೆಗೆ ಇಟ್ಟರು. ಅವರನ್ನು ನಾವು ದೂರುವುದಿಲ್ಲ. ಪರಊರಿನಲ್ಲಿರುವ ಸಣ್ಣ ಸಂಘಕ್ಕೆ ಹೆಸರೇ ಆಸ್ತಿ. ಅದನ್ನು ಕಾಯುವುದು ಹಿರಿಯರ ಕರ್ತವ್ಯ. ಆದರೆ ಸಭೆ ಮುಗಿದು ಚಪ್ಪಲಿ ಮೆಟ್ಟುವಾಗ ಆ ಶಿಕ್ಷಕಿಯವರು ನಮ್ಮ ಕೈಯಲ್ಲಿ ಒಂದು ಲಕೋಟೆ ಇಟ್ಟರು. ಎರಡು ದಿನದಲ್ಲಿ ಮತ್ತೆ ಮೂರು ಮನೆಯವರು ಹೇಳಿಕಳಿಸಿದರು. ಅವರಲ್ಲಿ ಆ ಹಿರಿಯರೂ ಒಬ್ಬರು. ನಮ್ಮ ಮನ��ಯೂ ಸೇರಿ ಐದು ಮನೆಗಳಾದವು. ಹನಿ ಹನಿ ಗೂಡಿದರೆ ಹಳ್ಳ ಎಂಬುದು ಸುಳ್ಳಲ್ಲ.

ಹುಡುಗ ತರಬೇತಿಗೆ ಹೋದ. ಮೊದಲ ವಾರ ನೀರು ಕುಡಿಯಲು ಹೋಗಬೇಕಾದರೂ ಎದ್ದು ನಿಂತು ಅಪ್ಪಣೆ ಕೇಳುತ್ತಿದ್ದನಂತೆ. ಮಾಸ್ತರರು ಉಳಿದ ಹುಡುಗರೆದುರು ಏನೂ ಆಡದೆ, ಕ್ಲಾಸು ಮುಗಿದ ಮೇಲೆ ಕರೆದು, ನೀರಿಗೆ ಯಾರನ್ನೂ ಕೇಳಬೇಕಾಗಿಲ್ಲವೆಂದು ಹೇಳಿದರಂತೆ. ಇದನ್ನು ನಮಗೆ ಹೇಳಿದವರು ಆ ಮಾಸ್ತರರೇ. ವೆಲ್ಡಿಂಗಿನಲ್ಲಿ ಕೈ ಚೆನ್ನಾಗಿದೆ, ಜೋಡಣೆ ನೆಟ್ಟಗೆ ಬರುತ್ತದೆ ಎಂದೂ ಹೇಳಿದರು.

ಮೂರು ತಿಂಗಳಾದ ಮೇಲೆ ಭೋಸರಿಯ ಕಡೆ ಸಣ್ಣ ವರ್ಕಶಾಪ್ ನಡೆಸುವ ಅಥಣಿ ಸೀಮೆಯ ಒಬ್ಬರ ಹತ್ತಿರ ಅವನನ್ನು ಕರೆದುಕೊಂಡು ಹೋದೆವು. ತೀರ್ಪಿನ ನಕಲು ಮೊದಲು ಮುಂದಿಟ್ಟೆವು, ಸರ್ಟಿಫಿಕೇಟು ಆಮೇಲೆ. ಅವರು ನಕಲನ್ನು ಪೂರ್ತಿ ತಿರುವಿ ನೋಡಿದರು. ಆಮೇಲೆ ಕೇಳಿದರು:

"ಕೆಲಸಾ ನೋಡಿ ಇಟ್ಟುಕೋತೀನ್ರಿ. ಆದರ ನೀವು ಹೊಣೆ ಏನ್ರಿ?"

ಹೊಣೆ ಎಂಬ ಮಾತು ಸಣ್ಣದಲ್ಲ. ಸರಕಾರಿ ನೌಕರನು ಕಚೇರಿಯ ಹೆಸರಿನಲ್ಲಿ ಯಾರಿಗೂ ಶಿಫಾರಸು ಕೊಡುವಂತಿಲ್ಲ, ಕೊಡಲೂ ಬಾರದು. ಇನ್ನೊಬ್ಬನ ಮನಸ್ಸಿಗೆ ಹೊಣೆಯಾಗುವ ಶಕ್ತಿ ಯಾರಿಗೂ ಇಲ್ಲ. ನಾವು ವಿಚಾರಿಸಿ ಹೇಳಿದೆವು: "ಅಂವ ಕೆಲಸಕ್ಕ ಬರಲಿಲ್ಲ ಅಂದರ ನಾವು ಅವನ ಮನೀಗೆ ಹೋಗಿ ಕೇಳ್ತೀವ್ರಿ. ಅವನ ಮ್ಯಾಲೆ ಏನರ ಸಂಶಯ ಬಂದರ ಬಿಡಿಸೂಕಿಂತ ಮೊದಲ ನಮಗ ಒಂದು ಫೋನ್ ಮಾಡ್ರಿ. ಇಷ್ಟಕ್ಕ ನಾವು ಹೊಣೆ." ಅವರು ಒಪ್ಪಿದರು.

ಆ ಫೋನು ಎರಡನೆಯ ತಿಂಗಳಲ್ಲಿಯೇ ಬಂತು. ಹುಡುಗ ಮೂರು ದಿನದಿಂದ ಬಂದಿಲ್ಲ. ಸಂಜೆ ಮನೆಗೆ ಹೋದೆವು. ಬಜಾರಿನಲ್ಲಿ ಯಾರೋ ಜಗಳಾಡಿದ್ದರು. ವಿಚಾರಿಸಲು ಪೊಲೀಸರು ಹಳೆಯ ಹೆಸರುಗಳ ಮನೆಮನೆಗೆ ಬಂದುಹೋಗಿದ್ದರು. ಇವನನ್ನು ಎರಡು ಮಾತು ಕೇಳಿ ಹೋಗಿದ್ದರು, ಅಷ್ಟೇ. ಆದರೆ ಅಂದಿನಿಂದ ಇವನು ಬಾಗಿಲು ಹಾಕಿಕೊಂಡು ಒಳಗೇ ಕುಳಿತಿದ್ದ. ವರ್ಕಶಾಪಿನ ಮಾಲೀಕರಿಗೆ ಗೊತ್ತಾದರೆ ಹೇಗೂ ಬಿಡಿಸುತ್ತಾರೆ, ತಾನೇ ಬಿಟ್ಟರೆ ಮರ್ಯಾದೆ ಎಂಬುದು ಅವನ ಲೆಕ್ಕ. ಕಾಕು ಒಲೆಯ ಮುಂದೆ ಸುಮ್ಮನೆ ಕುಳಿತಿದ್ದರು. ಅಲ್ಲಿಂದಲೇ ಮಾಲೀಕರಿಗೆ ಫೋನ್ ಹಚ್ಚಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆವು. "ಮೂರು ದಿನದ ಪಗಾರ ಕಡೀತೀನಿ. ನಾಳೆ ಎಂಟಕ್ಕ ಬಾ ಅನ್ರಿ" ಎಂದರು. ಮರುದಿನ ಹೋದ. ಈಗ ಎಂಟು ತಿಂಗಳಾಗಿದೆ, ಹೋಗುತ್ತಿದ್ದಾನೆ. ಕೈಗಡದಲ್ಲಿ ಸ್ವಲ್ಪ ತೀರಿದೆ, ಬಹಳ ಉಳಿದಿದೆ. ಮುಂದೆ ಏನಾಗುವುದೋ ನಾವು ಹೇಳಲಾರೆವು. ಆ ಫೋನು ಮಾಡಲು ಒಂದು ನಂಬರು ಇಲ್ಲದಿದ್ದರೆ ಏನಾಗುತ್ತಿತ್ತು ಎಂಬುದನ್ನು ಮಾತ್ರ ಊಹಿಸಬಲ್ಲೆವು.

ಇದರಿಂದ ನಮಗೆ ತಿಳಿದದ್ದು ಇಷ್ಟು. ಜೈಲಿನಿಂದ ಬಂದವನಿಗೆ ಕನಿಕರ ತೋರಿಸುವವರು ಸಿಗುತ್ತಾರೆ, ಬುದ್ಧಿ ಹೇಳುವವರೂ ಸಿಗುತ್ತಾರೆ. ಅವನಿಗೆ ಬೇಕಾದದ್ದು ಜಾಮೀನಿನ ದಿನ ಸಿಗದೆಹೋದ ಮನುಷ್ಯ: ಇವನು ನಮ್ಮವನು, ಇವನ ಸುದ್ದಿ ನಮ್ಮನ್ನು ಕೇಳಿ ಎನ್ನತಕ್ಕವನು. ಸರಕಾರದಿಂದ ಕಾನೂನು ಬರಬಹುದು, ಬ್ಯಾಂಕಿನಿಂದ ಸಾಲ ಬರಬಹುದು, ಸೇವಾಸಂಸ್ಥೆಯಿಂದ ಕಸುಬು ಬರಬಹುದು. ಆ ಒಬ್ಬ ಮನುಷ್ಯ ಓಣಿಯಿಂದಲೇ ಬರಬೇಕು. ನಿರ್ದೋಷಿಯಾಗಿ ಬಂದವನಿಗೆ ಮಾತ್ರ ಇದು ಸಲ್ಲುವುದೆಂದು ನಾವು ಹೇಳುವುದಿಲ್ಲ. ತಪ್ಪು ಮಾಡಿ ಶಿಕ್ಷೆ ಮುಗಿಸಿ ಬಂದವನೂ ಕೊಡತಕ್ಕದ್ದನ್ನು ಕೊಟ್ಟೇ ಬಂದಿರುತ್ತಾನೆ. ನ್ಯಾಯಾಲಯ ಐದು ವರ್ಷವೆಂದು ಬರೆದುದಕ್ಕೆ ನಾವು ಮತ್ತೆ ಐದನ್ನು ಸೇರಿಸುವುದು ಯಾವ ಅಧಿಕಾರದಿಂದ?

ನಮ್ಮ ಊರಿನಿಂದ ಐದಾರು ಕಿಲೋಮೀಟರಿನಲ್ಲಿ ಇಂದ್ರಾಯಣಿಯ ದಂಡೆಯ ಮೇಲೆ ತುಕಾರಾಮ ಮಹಾರಾಜರ ದೇಹೂ ಇದೆ. ತುಕಾರಾಮರದು ವ್ಯಾಪಾರಸ್ಥರ ಮನೆತನ. ಜನರಿಗೆ ಸಾಲ ಕೊಟ್ಟ ಪತ್ರಗಳು ಮನೆಯಲ್ಲಿದ್ದವು. ಬರಗಾಲವನ್ನು ಕಂಡ ಮೇಲೆ ಅವರು ತಮ್ಮ ಪಾಲಿಗೆ ಬಂದ ಪತ್ರಗಳನ್ನು ಇಂದ್ರಾಯಣಿಯಲ್ಲಿ ಮುಳುಗಿಸಿಬಿಟ್ಟರೆಂದು ಪ್ರತೀತಿ. ಹಳೆಯ ಬಾಕಿಯನ್ನು ನೀರಿಗೆ ಬಿಟ್ಟು ಮನುಷ್ಯನನ್ನು ಉಳಿಸಿಕೊಂಡ ಕತೆ ಅದು. ನಾವು ವಾರಿಯ ದಿನ ಆ ಪಾಲಕಿಗೆ ಕೈಮುಗಿಯುತ್ತೇವೆ.

ಸಂಘದವರಲ್ಲಿ ನಮ್ಮ ಬಿನ್ನಹ ದೊಡ್ಡದಲ್ಲ. ಕಾಗದಪತ್ರ ತಿಳಿದವರು ಇಬ್ಬರು ತಿಂಗಳಿಗೊಂದು ರವಿವಾರ ಎರಡು ತಾಸು ಸಂಘದ ಕೋಣೆಯಲ್ಲಿ ಕುಳಿತರೆ ತೀರ್ಪಿನ ನಕಲು, ಆಧಾರ್, ಬ್ಯಾಂಕಿನ ಖಾತೆ, ಅರ್ಜಿಯ ಕಾಲಂ ಇವಿಷ್ಟನ್ನು ನೋಡಿಕೊಡಬಹುದು. ಬಂಧನದಲ್ಲಿರುವವರಿಗೆ, ಹೆಂಗಸರಿಗೆ, ಪರಿಶಿಷ್ಟರಿಗೆ ೧೯೮೭ರ ಕಾಯಿದೆಯಂತೆ ಪುಕ್ಕಟೆ ವಕೀಲರು ಸಿಗುತ್ತಾರೆ. ಅದಕ್ಕೆ ೧೫೧೦೦ ಎಂಬ ಫೋನ್ ನಂಬರು ಉಂಟು. ಅದನ್ನು ಸಂಘದ ಫಲಕದ ಮೇಲೆ ಬರೆಯಬಹುದು. ಕಲಿಯುವ ಮೂರು ತಿಂಗಳ ಖರ್ಚಿಗೆಂದು ಬೇರೆಯೇ ಒಂದು ಸಣ್ಣ ನಿಧಿ ಇರಬಹುದು; ಪಡೆದವರ ಹೆಸರು ಎಲ್ಲಿಯೂ ಅಚ್ಚಾಗಕೂಡದು. ವರ್ಕಶಾಪು, ಅಂಗಡಿ, ಖಾನಾವಳಿ ನಡೆಸುವ ಸಭಾಸದರು ವರ್ಷಕ್ಕೊಬ್ಬನಿಗೆ ಜಾಗ ಕೊಡಬಹುದು. ಕೊಟ್ಟವರಿಗೆ ಫೋನ್ ಮಾಡಲು ಒಬ್ಬರ ನಂಬರು ಇರತಕ್ಕದ್ದು.

ಮುಂದಿನ ಸಭೆಯ ವಿಷಯಪತ್ರಿಕೆಯಲ್ಲಿ ಇದು ನಾಲ್ಕನೆಯ ವಿಷಯವಾಗಿ ಬಂದಿದೆ, ಲೆಕ್ಕಪತ್ರದ ಮಂಜೂರಾತಿಯ ಮೇಲೆ, ಚಹಾಕ್ಕಿಂತ ಮುಂಚೆ. ನಾಲ್ಕನೆಯ ವಿಷಯ ಬರುವ ಹೊತ್ತಿಗೆ ನಮ್ಮಲ್ಲಿ ಅರ್ಧ ಜನ ಎದ್ದುಹೋಗಿರುವುದು ವಾಡಿಕೆ. ಈ ಸಲ ದಯಮಾಡಿ ಎಲ್ಲರೂ ಕಡೆಯವರೆಗೆ ಕುಳಿತಿರಬೇಕೆಂದು ಕೇಳಿಕೊಳ್ಳುತ್ತೇವೆ.